ದೊರೆಯ ಹೊಟ್ಟೆ ಸಮಾಚಾರ

ಆ ಮನೆಯಲ್ಲಿ ಬಚ್ಚಲು ಇದ್ದದ್ದು ಒಂದೇ. ಬೆಳಗಾದರೆ ಅದರ ಬಾಗಿಲ ಮುಂದೆ ನಾಲ್ಕು ಜನರ ಸರದಿ. ಹೀಗಿರುವಾಗ ಐದನೆಯದಾಗಿ ಓತಿಕ್ಯಾತದ ಜಾತಿಯ ಒಂದು ಇಗುವಾನಾ ಮರಿ ಬಂದು, ತನಗೂ ದಿನಾ ಬೆಳಿಗ್ಗೆ ಬಚ್ಚಲು ಬೇಕು ಎಂದು ಕೂತರೆ ಯಾರು ತಾನೇ ಸುಮ್ಮನಿದ್ದಾರು.

ಮುಂದುಗಡೆ ಬೇಕರಿ, ಹಿಂದುಗಡೆ ಮನೆ, ನಡುವೆ ಸೌದೆ ಭಟ್ಟಿಯ ಕೋಣೆ. ಭಟ್ಟಿ ಕಟ್ಟಿಸಿದ್ದು ಅಜ್ಜಿ ಮತ್ತು ಈಗಿಲ್ಲದ ಅವಳ ಗಂಡ. ಅದರ ಬೆನ್ನು ನಡುಮನೆಯ ಗೋಡೆಗೆ ಅಂಟಿಕೊಂಡಿದ್ದರಿಂದ ಆ ಗೋಡೆ ಯಾವಾಗಲೂ ಬೆಚ್ಚಗೆ. ಒದ್ದೆ ಕಾಲುಚೀಲ ಒಣಗುತ್ತಿದ್ದದ್ದು ಅಲ್ಲೇ, ಮಧ್ಯಾಹ್ನ ಅಜ್ಜಿ ಕುರ್ಚಿ ಹಾಕಿಕೊಂಡು ಬೆನ್ನು ಆನಿಸುತ್ತಿದ್ದದ್ದೂ ಅಲ್ಲೇ. ಹುಟ್ಟಿದಾಗಿನಿಂದ ಕಂಡದ್ದಾದ್ದರಿಂದ ಆ ಕಾವಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ಮರಿ ಮಲಗಲೆಂದು ಒಂದು ಹಲಗೆಯನ್ನು ಮನೆಯ ಮಗಳು ಅದೇ ಗೋಡೆಗೆ ಹೊಡೆಸಿದ್ದಕ್ಕೂ ಬೇರೆ ಕಾರಣವಿರಲಿಲ್ಲ. ಮನೆಯಲ್ಲಿ ಖಾಲಿ ಇದ್ದ ಗೋಡೆ ಅದೊಂದೇ.

ಮರಿಯನ್ನು ತಂದುಕೊಟ್ಟವನು ಅವಳ ಸೋದರಮಾವ. ಲಾರಿ ಓಡಿಸುವ ಅವನ ಮನೆಯಲ್ಲಿ ಇಗುವಾನಾಗಳ ಜೋಡಿಯೊಂದಿತ್ತು. ಆ ವರ್ಷ ಮೊಟ್ಟೆಯೊಡೆದು ಬಂದ ಮರಿಗಳಲ್ಲಿ ಒಂದನ್ನು ಶೂ ಡಬ್ಬಿಯಲ್ಲಿಟ್ಟುಕೊಂಡು ಬಂದ. ಎಳೆ ಎಲೆಯ ಹಸಿರು, ಅಂಗೈಯಷ್ಟು ಮೈ, ಮೈಗೆ ಎರಡರಷ್ಟು ಬಾಲ, ಬೆನ್ನ ಮೇಲೆ ಬಾಚಣಿಗೆ ಹಲ್ಲಿನಂಥ ಸಾಲು. ಡಬ್ಬಿಯಿಂದ ತಲೆ ಎತ್ತಿ, ಎಲ್ಲರನ್ನೂ ತಾನೇ ಕೆಲಸಕ್ಕಿಟ್ಟುಕೊಂಡವನ ಹಾಗೆ ನೋಡಿತು. ಹೆಸರು ಅಲ್ಲಿಂದಲೇ ಬಂತು, ದೊರೆ.

ಅಪ್ಪನಿಗೆ ಅದನ್ನು ನೋಡಿಯೇ ಮೈಯುರಿಯಿತು. ಊಟದ ತಟ್ಟೆಯ ಮುಂದೆ ಕೂತು ಷರತ್ತು ಹಾಕಿದ. ಅದು ಅಂಗಡಿಯ ಹೊಸ್ತಿಲು ದಾಟಕೂಡದು. ಅದನ್ನು ಮುಟ್ಟಿದ ಕೈ ಸೋಪು ಕಾಣದೆ ಏನನ್ನೂ ಮುಟ್ಟಕೂಡದು. ಹೊರಗಿನವರಿಗೆ ಯಾರಿಗೂ ಗೊತ್ತಾಗಕೂಡದು.

"ಬ್ರೆಡ್ಡು ಮಾರೋ ಮನೆ ಇದು. ಎಲ್ಲಾದ್ರೂ ಒಂದು ಹಿಕ್ಕೆ ಕಂಡ್ರೆ, ಒಂದೇ ಒಂದು, ಅವತ್ತೇ ನಿನ್ನ ಮಾವನ ಲಾರಿ ಹತ್ತತ್ತೆ," ಎಂದ.

"ಆಯ್ತು," ಎಂದಳು ಮಗಳು. "ಒಂದು ಹಿಕ್ಕೆ ಕಂಡ್ರೆ ನಾನೇ ಕಳಿಸ್ತೀನಿ."

ಕಾಲೇಜಿನ ಮೊದಲ ವರ್ಷದ ಹುಡುಗಿ ಅಷ್ಟು ಧೈರ್ಯವಾಗಿ ಮಾತು ಕೊಟ್ಟದ್ದಕ್ಕೆ ಕಾರಣ ಮಾವ ಹೇಳಿಕೊಟ್ಟಿದ್ದ ಉಪಾಯ. ಈ ಪ್ರಾಣಿಗಳು ನೀರಿಗಿಳಿದರೆ ಹೊಟ್ಟೆ ಸಡಿಲಿಸುತ್ತವೆ. ದಿನಾ ಒಂದೇ ಹೊತ್ತಿಗೆ ಉಗುರುಬೆಚ್ಚನೆಯ ನೀರಲ್ಲಿ ಬಿಟ್ಟರೆ ಅದೇ ರೂಢಿಯಾಗಿ, ಮತ್ತೆಲ್ಲೂ ಮಾಡುವುದಿಲ್ಲ. ಮಾವ ಇಷ್ಟಕ್ಕೆ ಬಾಯಿ ಮುಚ್ಚಿದ್ದರೆ ಚೆನ್ನಾಗಿತ್ತು. ಮರಿಗಳು ದೊಡ್ಡವುಗಳ ಹಿಕ್ಕೆಯನ್ನು ತಿಂದೇ ಎಲೆ ಅರಗಿಸುವ ಶಕ್ತಿ ಪಡೆಯುತ್ತವೆ, ಇದೂ ಪೊಗದಸ್ತಾಗಿ ತಿಂದೇ ಬಂದಿದೆ ಎಂದು ಹೊಗಳಿಬಿಟ್ಟ. ಅಜ್ಜಿ ಕೈಯಲ್ಲಿದ್ದ ಬ್ರೆಡ್ಡಿನ ತುಂಡನ್ನು ತಟ್ಟೆಗೆ ಹಾಕಿ ಎದ್ದು ಹೋದಳು.

ಬಚ್ಚಲಿನ ಸರದಿಯಲ್ಲಿ ದೊರೆಗೆ ಸಿಕ್ಕಿದ್ದು ಅಮ್ಮನ ನಂತರದ, ಅಜ್ಜಿಗಿಂತ ಮುಂಚಿನ ಜಾಗ. ಅದಕ್ಕೆಂದೇ ಒಂದು ನೀಲಿ ಟಬ್ಬು. ಮಗಳು ಮೊಣಕಾಲೂರಿ ಕೂತು, ಮರಿಯ ಎದೆ ಮುಳುಗುವಷ್ಟು ನೀರು ಹಾಕಿ, ಹೊಟ್ಟೆಯ ಕೆಳಗೆ ಬೆರಳಿಟ್ಟುಕೊಂಡು ಕಾಯುವಳು. ಮೊದಲ ವಾರ ದೊರೆ ನೀರು ಚಿಮ್ಮಿಸಿ ಗೋಡೆ ಹತ್ತಲು ನೋಡಿತು. ಎರಡನೆಯ ವಾರ ಬಾಲವನ್ನು ಒಮ್ಮೆ ಮೇಲೆತ್ತಿ, ಕಣ್ಣು ಅರೆ ಮುಚ್ಚಿ, ಕೆಲಸ ಮುಗಿಸಿತು. ಆಮೇಲೆ ಒಂದು ದಿನವೂ ತಪ್ಪಲಿಲ್ಲ. ಕಡುಹಸಿರಿನ ಗಟ್ಟಿ ಭಾಗ, ಪಕ್ಕದಲ್ಲಿ ಸುಣ್ಣದಂಥ ಬಿಳಿ, ಮಾವ ಹೇಳಿದ್ದಂತೆಯೇ. ಮಗಳಿಗೆ ಅದನ್ನು ಯಾರಿಗಾದರೂ ತೋರಿಸದಿದ್ದರೆ ಸಮಾಧಾನವಿಲ್ಲ. ಅಮ್ಮನನ್ನು ಕೂಗುವಳು.

"ಗಲ್ಲಾಪೆಟ್ಟಿಗೆ ಬಿಟ್ಟು ಇದನ್ನ ನೋಡೋಕೆ ಬರ್ಬೇಕಾ ನಾನು," ಎಂದು ಅಮ್ಮ ಗೊಣಗಿದರೂ ಬಂದು ನೋಡಿಯೇ ಹೋಗುವಳು.

ಬರಬರುತ್ತಾ ಮನೆಗೆ ಮನೆಯೇ ದೊರೆಯ ಹೊಟ್ಟೆಯ ಬಗ್ಗೆ ಬೀಗತೊಡಗಿತು. ಅದು ಅಷ್ಟು ಚೆನ್ನಾಗಿ ಅರಗಿಸಿಕೊಳ್ಳುವುದು ತಾನು ಸೊಪ್ಪು, ಕುಂಬಳಕಾಯಿ, ದಾಸವಾಳದ ಎಲೆಯನ್ನು ಸಣ್ಣಗೆ ಹೆಚ್ಚುವುದರಿಂದ ಎಂದು ಅಜ್ಜಿಯ ವಾದ. ತನ್ನ ತಾಲೀಮಿನಿಂದ ಎಂದು ಮಗಳ ವಾದ. ಬಚ್ಚಲನ್ನು ಮಗಳು, ಮರಿ ಇಬ್ಬರ ನಂತರವೂ ತಿಕ್ಕಿ ತೊಳೆಯುವವಳು ತಾನು ಎಂದು ಅಮ್ಮ. ಈ ಮನೆಯಲ್ಲಿ ಒಳಗೆ ಹೋದ ಕೆಲಸ ಬೇಗ ಮುಗಿಸಿ ಬರುವುದು ದೊರೆ ಒಂದೇ ಎಂದು ಅಜ್ಜಿ ಮಗನಿಗೆ ಕೇಳುವಂತೆ ಹೇಳಿದಳು. ಅಪ್ಪ ಪತ್ರಿಕೆ ಮಡಿಸಿಕೊಂಡು ಬಚ್ಚಲಿಗೆ ಹೋದ.

ಹೀಗಿರುವಾಗ ಹೊಸ ಓವನ್ ಬಂತು.

ಕರೆಂಟಿನ ಓವನ್ ತರಿಸಬೇಕೆಂಬುದು ಅಪ್ಪನ ಬಹಳ ಕಾಲದ ಆಸೆ. ಸೌದೆಯ ಹೊಗೆಯಲ್ಲಿ ಅವನ ಕಣ್ಣು ಯಾವಾಗಲೂ ಕೆಂಪು, ಎದೆಯಲ್ಲಿ ಸದಾ ಕೆಮ್ಮು. ಅಂಗಡಿಯ ಪಕ್ಕದ ಮೂಲೆಯಲ್ಲಿ ಅದನ್ನು ನಿಲ್ಲಿಸಿ, ಹಳೆಯ ಭಟ್ಟಿಯ ಬಾಯಿಗೆ ತಗಡು ಮುಚ್ಚಿದ. ಬಂದವರನ್ನೆಲ್ಲ ಕರೆದು ಓವನ್ನಿನ ಮೈ ಮುಟ್ಟಿಸಿದ. ಒಳಗೆ ಅಷ್ಟು ಬೆಂಕಿಯಿದ್ದರೂ ಹೊರಗೆ ತಣ್ಣಗೆ, ಒಂದು ಚೂರು ಕಾವೂ ಪೋಲಾಗದು ಎಂದು ಅದನ್ನು ತಾನೇ ಹೆತ್ತವನ ಹಾಗೆ ಹೇಳಿಕೊಂಡ. ಮೊದಲ ದಿನದ ಬ್ರೆಡ್ಡು ಒಂದೂ ಸೀಯದೆ, ಒಂದೂ ಬಿಳಚದೆ, ಒಂದೇ ಬಣ್ಣಕ್ಕೆ ಬೆಂದು ಬಂದಾಗ ಅವನು ಹಿಗ್ಗಿದ್ದು ಅಷ್ಟಿಷ್ಟಲ್ಲ, ಮತ್ತು ಆ ಹಿಗ್ಗು ನ್ಯಾಯವಾದದ್ದೇ.

ಅಜ್ಜಿ ಬ್ರೆಡ್ಡಿನ ಒಂದು ಹೋಳು ತಿಂದು, ಚೆನ್ನಾಗಿದೆ ಎಂದಳು. ಅಷ್ಟೇ. ಕೆಲವು ದಿನಗಳ ಮೇಲೆ ಅವಳ ಕುರ್ಚಿ ನಡುಮನೆಯ ಗೋಡೆ ಬಿಟ್ಟು ಕಿಟಕಿಯ ಬಿಸಿಲಿಗೆ ಹೋಯಿತು. ಗೋಡೆ ತಣ್ಣಗಿದೆ, ಬೆನ್ನು ಹಿಡಿಯುತ್ತದೆ ಎಂದಳು. ಭಟ್ಟಿ ಆರಿಸಿದ್ದಕ್ಕೆ ತನ್ನ ತಾಯಿಯ ಕೊಂಕು ಇದು ಎಂದುಕೊಂಡ ಅಪ್ಪ ಕೇಳಿಯೂ ಕೇಳದವನಂತೆ ಇದ್ದುಬಿಟ್ಟ.

ಅದೇ ಹೊತ್ತಿಗೆ ದೊರೆಯ ಟಬ್ಬಿನ ನೀರು ತಿಳಿಯಾಗಿಯೇ ಉಳಿಯತೊಡಗಿತು.

ಮೊದಲ ದಿನ ಮಗಳು ತಲೆ ಕೆಡಿಸಿಕೊಳ್ಳಲಿಲ್ಲ. ಮರುದಿನವೂ ಏನಿಲ್ಲ. ಅದರ ಮರುದಿನ ಕಾಲು ಜೋಮು ಹಿಡಿಯುವ ತನಕ ಕಾದಳು. ಹೊರಗೆ ಅಜ್ಜಿ ಬಾಗಿಲು ಬಡಿಯುತ್ತಿದ್ದಳು. ದೊರೆ ನೀರಲ್ಲಿ ಕೂತು ಗೋಡೆ ನೋಡಿತು, ಅಷ್ಟೇ. ಮಗಳು ಅದನ್ನು ಯಾರಿಗೂ ಹೇಳಲಿಲ್ಲ. ಆದರೆ ದಿನಾ ಕೂಗಿ ತೋರಿಸುತ್ತಿದ್ದವಳು ಕೂಗುವುದು ಬಿಟ್ಟರೆ ಮನೆಯವರಿಗೆ ಗೊತ್ತಾಗದೆ ಇರುತ್ತದೆಯೇ.

"ಏನೇ, ಇವತ್ತು ಪ್ರದರ್ಶನ ಇಲ್ವಾ," ಎಂದು ಅಮ್ಮ ಕೇಳಿದಳು. ಮಗಳು ತಟ್ಟೆ ನೋಡುತ್ತಾ, ಟಬ್ಬಲ್ಲಿ ಮಾಡ್ತಿಲ್ಲ ಎಂದಳು.

ಅಪ್ಪನ ಕೈಯ ಲೋಟ ಮೇಜಿಗೆ ಕೂತಿತು. "ಟಬ್ಬಲ್ಲಿ ಮಾಡ್ತಿಲ್ಲ ಅಂದ್ರೆ ಮತ್ತೆಲ್ಲಿ ಮಾಡ್ತಿದೆ?"

ಆ ಮಧ್ಯಾಹ್ನ ಅಂಗಡಿಗೆ ಬೀಗ ಬಿತ್ತು. ಬೀರು ಸರಿಸಿದರು, ಮಂಚ ಎತ್ತಿದರು. ಅಮ್ಮ ಪರದೆಗಳನ್ನೆಲ್ಲ ಬಿಚ್ಚಿ ಕೊಡವಿದಳು. ಅಜ್ಜಿ ಮೂಲೆಮೂಲೆಗೂ ಮೂಗು ಚಾಚಿದಳು. ಅಪ್ಪ ಟಾರ್ಚು ಹಿಡಿದು ಹಿಟ್ಟಿನ ಕೋಣೆಗೆ ನುಗ್ಗಿ ಮೂಟೆ ಮೂಟೆಯ ಸಂದಿಯಲ್ಲೂ ತಡಕಾಡಿದ. ಕಳೆದುಹೋಗಿದ್ದ ಒಂದು ಚಮಚ, ಅಜ್ಜಿಯ ಒಂದು ಗುಂಡಿ, ಯಾರದೋ ಕಾಲುಚೀಲ ಸಿಕ್ಕವು. ಹಿಕ್ಕೆ ಮಾತ್ರ ಸಿಗಲಿಲ್ಲ. ತಲೆಯೆಲ್ಲ ಹಿಟ್ಟಾಗಿ ಹೊರಗೆ ಬಂದ ಅಪ್ಪನಿಗೆ ಸಿಗದೇ ಇದ್ದದ್ದೇ ಇನ್ನೂ ದೊಡ್ಡ ಭಯವಾಯಿತು.

"ಭಾನುವಾರ ನಿನ್ನ ಮಾವ ಬರ್ತಾನೆ. ಅವನ ಜೊತೆ ಕಳಿಸು," ಎಂದ. "ನಾಳೆ ಯಾರದೋ ಬನ್ನಲ್ಲಿ ಅದು ಸಿಕ್ಕಿದ್ರೆ ನಾನು ಯಾವ ಮುಖ ಇಟ್ಕೊಂಡು ಅಂಗಡಿ ತೆಗೀಲಿ?"

"ಅವನು ಎಲ್ಲೂ ಮಾಡಿಲ್ಲ ಅಪ್ಪ."

"ಮಾಡಿಲ್ಲ ಅಂದ್ರೆ? ತಿಂದಿದ್ದೆಲ್ಲ ಎಲ್ಲಿಗೆ ಹೋಯ್ತು ಹಾಗಾದ್ರೆ?"

ಅವನು ಕೇಳಿದ್ದು ಸಿಟ್ಟಿಗೆ. ಆದರೆ ಕೇಳಿದ ಮೇಲೆ ಎಲ್ಲರೂ ಹಲಗೆಯ ಕಡೆ ತಿರುಗಿ ನೋಡಿದರು. ದೊರೆ ಮಲಗಿದ್ದಲ್ಲೇ ಮಲಗಿತ್ತು. ಎಳೆ ಹಸಿರು ಮಾಸಿ ಬೂದು ತಿರುಗಿತ್ತು. ಹೊಟ್ಟೆಯ ಎರಡು ಬದಿಯೂ ಉಬ್ಬಿತ್ತು. ಬೆಳಿಗ್ಗೆಯ ಸೊಪ್ಪು ಇಟ್ಟ ಹಾಗೇ ಬಾಡಿತ್ತು. ಅದು ಎಲ್ಲೋ ಕದ್ದು ಮಾಡಿ ಮನೆಯ ಮಾನ ಕಳೆಯುತ್ತಿದೆ ಎಂದು ಹುಡುಕಿದವರಿಗೆ, ಅದು ಒಳಗೇ ಕಟ್ಟಿಕೊಂಡು ಸಾಯುತ್ತಿದೆ ಎಂದು ಆಗ ಹೊಳೆಯಿತು.

ಮಗಳು ಹಲಗೆಯನ್ನು ಒರೆಸಲು ಹೋದಾಗ ಹಿಂದುಗಡೆ ಬನ್ನಿನ ಪುಡಿ ಸಿಕ್ಕಿತು. ಅಲ್ಲಿಗೆ ಎರಡನೆಯ ಜಗಳ ಶುರು.

"ಅಜ್ಜಿ, ಇವನಿಗೆ ಬನ್ನು ಹಾಕಿದ್ಯಾ?"

"ಬೇಕರಿ ಮನೇಲಿ ಬೆಳೆಯೋ ಮಗು ಬನ್ನಿನ ರುಚಿ ನೋಡ್ದೆ ಇರೋದಾ? ಒಂದು ಚೂರು ಕೊಟ್ಟೆ. ನಿಮ್ಮಪ್ಪಂಗೆ ಹಲ್ಲು ಬರೋಕೆ ಮುಂಚೆ ಕೊಟ್ಟಿದ್ದೆ. ಏನಾಯ್ತು ಅವನಿಗೆ?"

"ಇವನು ಎಲೆ ತಿನ್ನೋ ಪ್ರಾಣಿ. ನೀನೇ ಕೊಂದೆ ಇವನ್ನ."

ಅದನ್ನು ಅನ್ನಬಾರದಿತ್ತು. ಅಜ್ಜಿ ಒಳಗೆ ಹೋಗಿ ಹೊರಗೆ ಹೋಗುವ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಬಂದು ಬಾಗಿಲಲ್ಲಿ ನಿಂತಳು. ಡಾಕ್ಟ್ರೇ ಹೇಳಲಿ, ನನ್ನ ಬನ್ನಿಂದ ಆಯ್ತು ಅಂದ್ರೆ ಇನ್ನು ಅದರ ತಟ್ಟೆ ಮುಟ್ಟೋದಿಲ್ಲ ಎಂದಳು. ಅಮ್ಮ ಶೂ ಡಬ್ಬಿಗೆ ಟವೆಲ್ ಹಾಸಿ ಕೊಟ್ಟಳು. ಅಜ್ಜಿ ಮೊಮ್ಮಗಳು ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರೂ ಇಬ್ಬರ ಮುಖ ಎರಡು ಕಡೆಗೆ. ಡಬ್ಬಿ ಮಾತ್ರ ಇಬ್ಬರ ತೊಡೆಯ ಮೇಲೂ ಅರ್ಧರ್ಧ ಇತ್ತು.

ಪ್ರಾಣಿಗಳ ಆಸ್ಪತ್ರೆಯಲ್ಲಿದ್ದದ್ದು ಚುರುಕಾದ ಹೆಂಗಸು. ಮರಿಯ ಹೊಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ಎಕ್ಸ್‌ರೇ ತೆಗೆಸಿ, ಕಲ್ಲು ಮಣ್ಣು ಏನೂ ನುಂಗಿಲ್ಲ, ಬರೀ ಅರಗದ ಸೊಪ್ಪು ಎಂದಳು. ಅಜ್ಜಿ ಬನ್ನಿನ ವಿಷಯ ತಾನಾಗಿಯೇ ಎತ್ತಿದಳು.

"ಬ್ರೆಡ್ಡು ಬನ್ನು ಇನ್ನು ಕೊಡ್ಬೇಡಿ ಅಜ್ಜಿ, ಒಳ್ಳೇದಲ್ಲ. ಆದ್ರೆ ಒಂದು ಚೂರಿಗೆ ಹೀಗಾಗಲ್ಲ," ಎಂದಳು ಡಾಕ್ಟರು. "ಇವುಗಳ ಮೈಯಲ್ಲಿ ನಮ್ಮ ಹಾಗೆ ಬಿಸಿ ಇರಲ್ಲ. ಹೊರಗಿನ ಕಾವು ಸಿಕ್ಕಿದ್ರೆ ಮಾತ್ರ ಹೊಟ್ಟೆ ಕೆಲಸ ಮಾಡೋದು. ಎಲ್ಲಿ ಇಟ್ಟಿದ್ದೀರಿ ಇದನ್ನ?"

"ಬೆಚ್ಚಗಿನ ಜಾಗದಲ್ಲೇ," ಎಂದಳು ಮಗಳು. "ನಮ್ಮ ಭಟ್ಟಿ ಗೋಡೆಗೆ."

ಅಜ್ಜಿ ಅವಳ ಕಡೆ ತಿರುಗಿದಳು. "ಆ ಗೋಡೆ ತಣ್ಣಗಾಗಿ ಎಷ್ಟು ದಿನ ಆಯ್ತು. ನಾನು ಬಾಯಿ ಬಿಟ್ಟು ಹೇಳ್ದೆ. ಯಾರಾದ್ರೂ ಕಿವಿಗೆ ಹಾಕ್ಕೊಂಡ್ರಾ?"

ಗೋಡೆ ತಣ್ಣಗಾದದ್ದು ಅಜ್ಜಿಗೆ ಗೊತ್ತಿತ್ತು, ದೊರೆಯ ಹೊಟ್ಟೆ ನಿಂತದ್ದು ಮೊಮ್ಮಗಳಿಗೆ ಗೊತ್ತಿತ್ತು. ಎರಡನ್ನೂ ಯಾರೂ ಕೂಡಿಸಿ ನೋಡಿರಲಿಲ್ಲ. ಭಟ್ಟಿಯ ಮನೆಯವರಲ್ಲದೆ ಇನ್ಯಾರಾದರೂ ಆಗಿದ್ದರೆ ಮೊದಲ ದಿನವೇ ಕಾವಿಗೆಂದು ಒಂದು ದೀಪ ತಂದು ಹಾಕಿರುತ್ತಿದ್ದರು. ಇವರಿಗೆ ಕಾವು ಎಂಬುದು ಕೊಂಡು ತರುವ ವಸ್ತು ಎಂದೇ ತಿಳಿಯದು. ಡಾಕ್ಟರು ದಿನಕ್ಕೆರಡು ಸಲ ಬಿಸಿನೀರಿನ ಸ್ನಾನ, ಹೊಟ್ಟೆಗೆ ಮೆಲ್ಲಗೆ ನೀವುವುದು, ಬಿಸಿ ದೀಪ, ಬಿಸಿಲು ಎಂದು ಹೇಳಿದಳು. ಶುಕ್ರವಾರದೊಳಗೆ ಆಗದಿದ್ದರೆ ಕರೆದುಕೊಂಡು ಬನ್ನಿ, ಆದರೆ ಇಷ್ಟು ಚಿಕ್ಕ ಮೈಗೆ ಕತ್ತರಿ ಹಾಕಿದರೆ ಉಳಿಯುತ್ತದೆ ಎಂದು ಮಾತು ಕೊಡಲಾರೆ ಎಂದೂ ಹೇಳಿದಳು. ವಾಪಸು ಬರುವಾಗ ಮೊಮ್ಮಗಳು ಅಜ್ಜಿಯ ಕೈ ಹಿಡಿದು ಬಸ್ಸು ಹತ್ತಿಸಿದಳು. ತಪ್ಪಾಯ್ತು ಅಜ್ಜಿ ಎಂದಳು. ಅಜ್ಜಿ, ಬಾಯಿ ಮಾತ್ರ ಥೇಟ್ ನಿಮ್ಮಪ್ಪಂದೇ ಎಂದು ನಕ್ಕಳು.

ಮನೆಯಲ್ಲಿ ಅಮ್ಮ ತಟ್ಟೆ ಹಾಕಿದ್ದಳು. ಡಾಕ್ಟರು ಹೇಳಿದ್ದನ್ನು ಅಜ್ಜಿ ಒಂದಕ್ಷರ ಬಿಡದೆ ಒಪ್ಪಿಸಿದಳು. ಇನ್ನೇನು ಅತ್ತೆ ಭಟ್ಟಿ ಹಚ್ಚಿಸು ಎನ್ನುತ್ತಾಳೆ, ಗಂಡ ಸಿಡಿಯುತ್ತಾನೆ ಎಂದು ಅಮ್ಮ ಬಡಿಸುವ ಕೈ ನಿಲ್ಲಿಸಿದಳು. ಅಪ್ಪ ಎದ್ದು, ಕೈ ಒರೆಸಿಕೊಂಡು, ನಡುಮನೆಗೆ ಹೋಗಿ ಗೋಡೆಯ ಮೇಲೆ ಅಂಗೈಯಿಟ್ಟ. ಹಿಟ್ಟಿನ ಬಿಸಿ ಅಂಗೈಯಲ್ಲೇ ಅಳೆಯುವವನು ಅವನು. ಆ ಕೈಗೆ ತನ್ನ ಮನೆಯ ಗೋಡೆ ಆರಿದ್ದು ಇಷ್ಟು ದಿನ ತಿಳಿದಿರಲಿಲ್ಲ.

"ಅಮ್ಮ, ನೀನು ಕುರ್ಚಿ ಸರಿಸಿದ್ದು ಇದಕ್ಕಾ?" ಎಂದ.

"ಮತ್ತಿನ್ಯಾಕೆ? ನಿನ್ನ ಓವನ್ ಮೇಲೆ ಸಿಟ್ಟು ಅಂದ್ಕೊಂಡ್ಯಾ? ನೀನು ಕೆಮ್ಮೋದು ನಿಂತಿದೆ. ಅದಕ್ಕಿಂತ ದೊಡ್ಡದಾ ನನಗೆ ಆ ಭಟ್ಟಿ? ನನ್ನ ಬೆನ್ನಿಗೆ ಚಳಿ ಆಗತ್ತೆ ಅಂತ ಹೇಳಿದ್ದು, ಅಷ್ಟೇ ಕಣೋ."

ಅಪ್ಪ ಊಟ ಪೂರ್ತಿ ಮಾಡದೆ ಹೊರಗೆ ಹೋದ. ಬಂದಾಗ ಕೈಯಲ್ಲಿ ಬಿಸಿ ದೀಪ, ತಂತಿ ಬಲೆ, ವೈರು, ಜೊತೆಗೆ ಗೋಡೆಗೆ ಹಾಕುವ ಹೀಟರು. ಹೀಟರನ್ನು ಮೊದಲು ಹಾಕಿದ, ಅಜ್ಜಿಯ ಕುರ್ಚಿಯ ಹಳೆಯ ಜಾಗದಲ್ಲಿ. ಕುರ್ಚಿಯನ್ನು ತಾನೇ ಎತ್ತಿ ತಂದಿಟ್ಟ. ಅಜ್ಜಿ ಕೂತು, ಬೆನ್ನು ಆನಿಸಿ, ಪರವಾಗಿಲ್ಲ ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಮೆಚ್ಚುಗೆ.

ದೊರೆಯ ಹಲಗೆಗೆ ಅಪ್ಪ ಇಡೀ ಸಂಜೆ ತೆಗೆದುಕೊಂಡ. ಮೈ ಸುಡದ ಹಾಗೆ ದೀಪಕ್ಕೆ ಬಲೆ ಸುತ್ತಿ ಬಿಗಿದ. ಒಂದು ತುದಿ ಹೆಚ್ಚು ಬಿಸಿ, ಇನ್ನೊಂದು ತುದಿ ಕಡಿಮೆ, ಬೇಕಾದ ಕಡೆ ಅದೇ ಸರಿದುಕೊಳ್ಳಲಿ ಎಂದು ದೀಪವನ್ನು ಬೆರಳಗಲ ಮೇಲೆ, ಬೆರಳಗಲ ಕೆಳಗೆ ಮಾಡಿ ನೋಡಿದ. ಅಂಗಡಿಯ ಥರ್ಮಾಮೀಟರಿಗೆ ಕೈ ಹಾಕಿದ್ದಕ್ಕೆ ಅಮ್ಮ ಹುಬ್ಬು ಹಾರಿಸಿದಳು. ಇದನ್ನ ಇಲ್ಲೇ ಬಿಡ್ತೀನಿ, ಅಂಗಡಿಗೆ ಹೊಸದು ತಂದ್ರಾಯ್ತು ಎಂದ. ಕೊನೆಗೆ ದೀಪದ ಕೆಳಗೆ ಅಂಗೈಯಿಟ್ಟು ಕಣ್ಣು ಮುಚ್ಚಿ ನಿಂತು, ಸರಿಯಾಯ್ತು ಎಂದ. ಹೊಸ ಓವನ್ ತೋರಿಸುವಾಗ ಇದ್ದ ಮುಖವೇ ಅದು.

ದೊರೆ ದೀಪದ ಕೆಳಗೆ ಹೊಟ್ಟೆ ಚಪ್ಪಟೆ ಮಾಡಿ ಮಲಗಿತು. ಎರಡು ದಿನದಲ್ಲಿ ಬೂದು ಬಿಟ್ಟು ಹಸಿರು ಬಂತು. ಟಬ್ಬಿನ ನೀರು ಮಾತ್ರ ತಿಳಿಯಾಗಿಯೇ ಇತ್ತು. ಬೆಳಿಗ್ಗೆ ಮಗಳು, ಸಂಜೆ ಅಮ್ಮ, ಹೊಟ್ಟೆ ನೀವಿ ನೀವಿ ಸಾಕಾದರು. ಊಟಕ್ಕೆ ಕೂತರೆ ಯಾರೂ ಬೇರೆ ಮಾತಾಡುತ್ತಿರಲಿಲ್ಲ, ಆಯ್ತಾ, ಇಲ್ಲ, ಅಷ್ಟೇ. ಭಾನುವಾರದ ಲಾರಿಯ ವಿಷಯವನ್ನು ಅಪ್ಪ ಮತ್ತೆ ಎತ್ತಲಿಲ್ಲ.

ಶುಕ್ರವಾರ ಮಗಳಿಗೆ ಪರೀಕ್ಷೆ. ಹೋಗುವುದಿಲ್ಲ ಎಂದು ಹಟ ಹಿಡಿದಳು. ಅಮ್ಮ ಗಲ್ಲಾಪೆಟ್ಟಿಗೆ ಬಿಡುವಂತಿರಲಿಲ್ಲ, ಅದು ಬೆಳಗಿನ ಜನ ಮುತ್ತುವ ಹೊತ್ತು. ಅಜ್ಜಿಯ ಮಂಡಿ ಬಚ್ಚಲಿನ ನೆಲಕ್ಕೆ ಬಗ್ಗದು.

"ನೀನು ಹೋಗಿ ಪರೀಕ್ಷೆ ಬರಿ," ಎಂದ ಅಪ್ಪ. "ನಾನಿದ್ದೀನಿ."

"ಅವನನ್ನ ಒಂದಿನಾನೂ ಮುಟ್ಟಿಲ್ಲ ನೀನು."

"ಹಿಟ್ಟು ನಾದೋ ಕೈ ಇದು. ನಿನಗಿಂತ ಮೆತ್ತಗೆ ನೀವ್ತೀನಿ, ಹೋಗು."

ಮಗಳು ಹೋದಳು. ಅಪ್ಪ ಓವನ್ನಿಗೆ ಬನ್ನು ತುಂಬಿ, ಅಂಗಿ ತೋಳು ಮಡಿಸಿ, ಬಚ್ಚಲಿಗೆ ನಡೆದ. ಅಜ್ಜಿ ಬಾಗಿಲಲ್ಲಿ ನಿಂತು ನೀರು ಬಿಸಿಯಾಯಿತು, ತಣ್ಣಗಾಯಿತು ಎಂದು ಸಲಹೆ ಕೊಡುತ್ತಿದ್ದಳು. ಅಪ್ಪ ಮೊಣಕೈ ಅದ್ದಿ ಹದ ನೋಡಿ, ದೊರೆಯನ್ನು ಇಳಿಸಿ, ಹೆಬ್ಬೆರಳಿನಿಂದ ಹೊಟ್ಟೆಯನ್ನು ಮುಂದಿನಿಂದ ಹಿಂದಕ್ಕೆ, ಬನ್ನಿನ ಹಿಟ್ಟಿಗೆ ಕೊಡುವ ಒತ್ತಡಕ್ಕಿಂತ ಕಡಿಮೆಯಲ್ಲಿ, ನೀವಿದ. ಓವನ್ನಿನ ಗಂಟೆ ಹೊಡೆಯಿತು. ಅವನು ಏಳಲಿಲ್ಲ. ಅಂಗಡಿಯಿಂದ ಅಮ್ಮ, ರೀ, ಬನ್ನು ಎಂದು ಕೂಗಿದಳು. ಆಗಲೂ ಏಳಲಿಲ್ಲ. ಸುಟ್ಟ ವಾಸನೆ ನಡುಮನೆಗೆ ಬಂತು. ಆಗಲೇ ದೊರೆ ಬಾಲ ಎತ್ತಿತು.

ಅಂಗಡಿಯಲ್ಲಿ ಆ ಹೊತ್ತಿಗೆ ಜನ ರಸ್ತೆಯ ತನಕ ನಿಂತಿದ್ದರು. ಮೂಲೆಯ ಟೈಲರು, ಔಷಧಿ ಅಂಗಡಿಯವನು, ಶಾಲೆಯ ಮೇಡಂ, ಬಸ್ಸಿನ ಕಂಡಕ್ಟರು. ಎಂದೂ ಗಿರಾಕಿಗಳ ಮುಂದೆ ದನಿ ಎತ್ತದ ಮನುಷ್ಯ, ಮೊಣಕೈ ತನಕ ಸೋಪಿನ ನೊರೆಯೊಂದಿಗೆ ಒಳಬಾಗಿಲಲ್ಲಿ ಬಂದು ನಿಂತು, ಇಡೀ ಅಂಗಡಿಗೆ ಕೇಳುವಂತೆ, ಆಯ್ತು ಕಣೇ, ಆಯ್ತು ಎಂದ.

ಅಮ್ಮನ ಕೈಯಲ್ಲಿ ಯಾರದೋ ಚಿಲ್ಲರೆ ಹಾಗೇ ಉಳಿಯಿತು. ಗಿರಾಕಿಗಳಿಗೆ ಏನು ಹೇಳಲಿ ಎಂದು ಒಂದು ಕ್ಷಣ ಅವಳ ಮುಖ ಕೆಂಪಾಯಿತು. ಆಮೇಲೆ ಅದೆಲ್ಲ ಮರೆತು, "ಟಬ್ಬಲ್ಲೇನಾ?" ಎಂದಳು.

"ಟಬ್ಬಲ್ಲೇ. ಒಂದು ಹನಿ ಆಚೆ ಬಿದ್ದಿಲ್ಲ."

ಟೈಲರು, ಯಾರಿಗೆ ಏನಾಯ್ತು ಎಂದು ಕೇಳಿದ. ಅಪ್ಪ ಹೇಳಿದ, ಮುಚ್ಚುಮರೆ ಇಲ್ಲದೆ, ಗೋಡೆಯಿಂದ ಹಿಡಿದು ದೀಪದ ತನಕ. ಸುಟ್ಟ ಬನ್ನನ್ನು ಅವತ್ತು ಯಾರೂ ಕೇಳಲಿಲ್ಲ, ಅವನು ಮಾರಲೂ ಇಲ್ಲ.

ಮಗಳು ಪರೀಕ್ಷೆ ಮುಗಿಸಿ ಬಸ್ಸಿಳಿದಳು. ಕಾಲು ಮನೆಯ ಕಡೆ ಓಡಬೇಕೆನ್ನುತ್ತಿತ್ತು, ಮನಸ್ಸು ಹೋಗಲು ಹೆದರುತ್ತಿತ್ತು. ಔಷಧಿ ಅಂಗಡಿಯವನು ಗಾಜಿನ ಹಿಂದಿನಿಂದ ಅವಳತ್ತ ಹೆಬ್ಬೆರಳು ಎತ್ತಿದ. ಅವಳಿಗೆ ಅರ್ಥವಾಗಲಿಲ್ಲ. ಮೂಲೆಯ ಟೈಲರು ಹೊಲಿಗೆ ಯಂತ್ರ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ನಿಮ್ಮ ದೊರೆಗೆ ಬೆಳಿಗ್ಗೆ ಸಲೀಸಾಗಿ ಆಯ್ತಂತಲ್ಲಮ್ಮ, ಒಳ್ಳೇದಾಯ್ತು ಬಿಡು," ಎಂದ. ಅವಳು ರಸ್ತೆಯಲ್ಲೇ ನಿಂತು ಅತ್ತುಬಿಟ್ಟಳು. ಕಣ್ಣೊರೆಸಿಕೊಂಡು ಮತ್ತೆ ನಡೆದಾಗ ಬೇಕೆಂದೇ ನಿಧಾನ ನಡೆದಳು, ಇನ್ನೂ ಯಾರಾದರೂ ಹೇಳಲಿ ಎಂದು.

ಅಂಗಡಿಯಲ್ಲಿ ಅಪ್ಪ ಬಿಳಿ ಏಪ್ರನ್ ಕಟ್ಟಿಕೊಂಡು ನಿಂತಿದ್ದ. ಎದುರಿಗೆ ಊರಿಗೇ ಹೊಸಬನಂತೆ ಕಾಣುವ ಒಬ್ಬ ಗಿರಾಕಿ, ಕೊಂಡ ಬ್ರೆಡ್ಡನ್ನು ಕಂಕುಳಲ್ಲಿಟ್ಟುಕೊಂಡು, ಬಾಯಿ ತೆರೆದು ಕೇಳುತ್ತಿದ್ದ. ಅಪ್ಪ ಎರಡು ಕೈಗಳನ್ನು ಎದೆಯ ಮುಂದೆ ಹಿಡಿದು ಟಬ್ಬಿಗೆ ಬಿದ್ದದ್ದರ ಅಳತೆ ತೋರಿಸಿದ. ಮರಿಯ ಮೈಯೇ ಅಷ್ಟುದ್ದ ಇರಲಿಲ್ಲ. ಮಗಳು ಪಕ್ಕಕ್ಕೆ ಹೋಗಿ ನಿಂತು, ಹೌದು ಎಂದು ತಲೆಯಾಡಿಸಿದಳು.